ಸಾನಿಯಾ ಮಿರ್ಜಾ: ಸಿಂಗಲ್ಸ್‌ನ 27 ದೊಡ್ಡದೋ, ಡಬಲ್ಸ್‌ನ ನಂಬರ್ ಒನ್ ದೊಡ್ಡದೋ?

ದಾವಣಗೆರೆ ಅಪ್ಪ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 13 ವರ್ಷ. ಆರು ವರ್ಷದಿಂದ ಟೆನಿಸ್ ಆಡುತ್ತಿದ್ದಾಳೆ. ಹೋದ ವಾರ ಅವಳ ಕೋಚ್ ಹತ್ತಿರ, "ಸರ್, ಇವಳಿಗೆ ನೆಟ್ ಹತ್ತಿರದ ಆಟ ಚೆನ್ನಾಗಿ ಬರುತ್ತೆ, ಡಬಲ್ಸ್ ಜಾಸ್ತಿ ಆಡಿಸೋಣವಾ?" ಅಂತ ಕೇಳಿದೆ. ಅವರು ನಕ್ಕುಬಿಟ್ಟರು. "ಸಿಂಗಲ್ಸ್‌ನಲ್ಲಿ ಆಗದವರು ಆಡೋದು ಡಬಲ್ಸ್. ಸಾನಿಯಾನೇ ನೋಡಿ" ಅಂದರು. ಮಗಳು ಅಲ್ಲೇ ಪಕ್ಕದಲ್ಲಿ ಬ್ಯಾಗಿನ ಜಿಪ್ ಎಳೆಯುತ್ತಾ ನಿಂತಿದ್ದಳು. ಸ್ಕೂಟರಿನಲ್ಲಿ ಮನೆಗೆ ಬರುವಾಗ ಹಿಂದಿನ ಸೀಟಿನಿಂದ ಕೇಳಿದಳು, "ಅಪ್ಪಾ, ಸಾನಿಯಾ ಸೋತಿದ್ರಾ?"

ಏನು ಹೇಳಬೇಕೋ ತೋಚಲಿಲ್ಲ. ಸಿಂಗಲ್ಸ್‌ನಲ್ಲಿ 27ನೇ ರ್‍ಯಾಂಕ್ ತನಕ ಹೋಗಿದ್ದರು, ಡಬಲ್ಸ್‌ನಲ್ಲಿ ನಂಬರ್ ಒನ್ ಆಗಿದ್ದರು. ನನಗೆ ಗೊತ್ತಿರೋದು ಇಷ್ಟೇ. ಆಟ ಬಲ್ಲವರು ಹೇಳಿ, ಮಗಳಿಗೆ ಏನಂತ ಉತ್ತರ ಕೊಡಲಿ?

ಸ್ಲೈಸ್ ಸೀನ
ಬೇಜಾರು ಮಾಡ್ಕೋಬೇಡಿ ಸರ್. ಕೋಚ್ ಹೇಳಿದ ರೀತಿ ಒರಟು, ವಿಷಯ ಪೂರ್ತಿ ಸುಳ್ಳಲ್ಲ. ಗ್ರ್ಯಾಂಡ್‌ಸ್ಲಾಮ್ ಅಂದರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳು. ಅವುಗಳ ಸಿಂಗಲ್ಸ್‌ನಲ್ಲಿ ಸಾನಿಯಾ ನಾಲ್ಕನೇ ಸುತ್ತು ಮುಟ್ಟಿದ್ದು ಒಂದೇ ಸಲ, 2005ರ ಯುಎಸ್ ಓಪನ್‌ನಲ್ಲಿ. ಅಲ್ಲಿ ಶರಪೋವಾ 6-2, 6-1ರಲ್ಲಿ ಮುಗಿಸಿದಳು. ಡಬ್ಲ್ಯುಟಿಎ (ಹೆಂಗಸರ ವೃತ್ತಿಪರ ಟೆನಿಸ್ ಸಂಸ್ಥೆ) ಸಿಂಗಲ್ಸ್ ಪ್ರಶಸ್ತಿ ಬಂದಿದ್ದೂ ಒಂದೇ, ಅದೂ ಸ್ವಂತ ಊರಿನಲ್ಲಿ. ಡಬಲ್ಸ್‌ನಲ್ಲಿ ದೊಡ್ಡ ಸಿಂಗಲ್ಸ್ ಆಟಗಾರ್ತಿಯರು ಖಾಯಂ ಆಡೋದೇ ಅಪರೂಪ. ದುಡ್ಡು ಕಡಿಮೆ, ಟಿವಿಯಲ್ಲಿ ತೋರಿಸೋದೂ ಕಡಿಮೆ. ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ ಹಾಗೆ.

ಕಬ್ಬನ್ ಪಾರ್ಕ್ ಹಳಬ
ಖಾಲಿ ಬಸ್ಸಾ ಸೀನಣ್ಣ? ಆ ಬಸ್ಸಿನಲ್ಲಿ ವೀನಸ್, ಸೆರೆನಾ ವಿಲಿಯಮ್ಸ್ ಅಕ್ಕತಂಗಿಯರಿಬ್ಬರೂ ಓಡಾಡಿದ್ದಾರೆ. ಹೋಗಲಿ, ಮೊದಲು 27ರ ಕಥೆ ಹೇಳುತ್ತೇನೆ. ಈಗಿನ ಹುಡುಗರಿಗೆ ಅದು ಎಂಥ ನಂಬರ್ ಅಂತ ಗೊತ್ತಿಲ್ಲ.

ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಮೇನ್ ಡ್ರಾದಲ್ಲಿ ನಮ್ಮ ಹೆಣ್ಣುಮಗಳು ಒಂದು ಸುತ್ತು ಗೆದ್ದರೆ ಪೇಪರಿನಲ್ಲಿ ಫೋಟೋ ಬರುತ್ತಿದ್ದ ಕಾಲ ಅದು. 1998ರಲ್ಲಿ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್‌ನಲ್ಲಿ ಒಂದು ಪಂದ್ಯ ಗೆದ್ದಿದ್ದೇ ದೊಡ್ಡ ಸುದ್ದಿ. ಏಳು ವರ್ಷ ಆದಮೇಲೆ, 2005ರ ಜನವರಿಯಲ್ಲಿ, 18 ವರ್ಷದ ಈ ಹುಡುಗಿ ವೈಲ್ಡ್ ಕಾರ್ಡ್ (ಸಂಘಟಕರು ಕೊಡುವ ನೇರ ಪ್ರವೇಶ) ಹಿಡಿದು ಅದೇ ಮೆಲ್ಬರ್ನ್‌ಗೆ ಹೋಗಿ ಮೂರನೇ ಸುತ್ತು ಮುಟ್ಟಿದಳು. ಸೆರೆನಾ ಎದುರು ಮೊದಲ ಸೆಟ್ 6-1ರಲ್ಲಿ ಹೋಯಿತು. ಎರಡನೇದೂ ಹೋಯಿತು, ಆದರೆ 6-4ರಲ್ಲಿ. ಮುಂದಿನ ತಿಂಗಳೇ ಹೈದರಾಬಾದ್ ಓಪನ್, ಫೈನಲ್‌ನಲ್ಲಿ ಅಲ್ಯೋನಾ ಬೊಂಡರೆಂಕೊ ಎದುರು ಮೂರು ಸೆಟ್. ಡಬ್ಲ್ಯುಟಿಎ ಸಿಂಗಲ್ಸ್ ಗೆದ್ದ ಭಾರತದ ಮೊದಲ ಹೆಣ್ಣುಮಗಳು. ಆಮೇಲೆ ದುಬೈನಲ್ಲಿ ಸ್ವೆಟ್ಲಾನಾ ಕುಜ್ನೆಟ್ಸೊವಾಳನ್ನು ನೇರ ಸೆಟ್‌ಗಳಲ್ಲಿ ಹೊಡೆದಳು. ಕುಜ್ನೆಟ್ಸೊವಾ ಆಗ ಯುಎಸ್ ಓಪನ್ ಚಾಂಪಿಯನ್! ಆ ವರ್ಷದ ಉತ್ತಮ ಹೊಸ ಆಟಗಾರ್ತಿ ಪ್ರಶಸ್ತಿಯನ್ನೂ ಡಬ್ಲ್ಯುಟಿಎ ಇವಳಿಗೇ ಕೊಟ್ಟಿತು. 27 ಬಂದಿದ್ದು 2007ರ ಆಗಸ್ಟ್‌ನಲ್ಲಿ. ಅದನ್ನು ದಾಟಿದ ಭಾರತದ ಹೆಣ್ಣುಮಗಳು ಇನ್ನೂ ಬಂದಿಲ್ಲ.

2006ರಲ್ಲಿ ಬೆಂಗಳೂರು ಓಪನ್‌ಗೆ ಬಂದಿದ್ದಳು. ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ರಾಜ್ಯ ಟೆನಿಸ್ ಸಂಸ್ಥೆ) ಕೋರ್ಟ್. ನಾನು ಕೂತಿದ್ದು ಬೇಸ್‌ಲೈನ್ ಹಿಂದಿನ ಮೆಟ್ಟಿಲಿನಲ್ಲಿ, ಅಡಿಗೆ ಪೇಪರ್ ಹಾಸಿಕೊಂಡು. ಫೋರ್‌ಹ್ಯಾಂಡ್ ಬಿದ್ದರೆ ಈಡುಗಾಯಿ ಒಡೆದ ಸದ್ದು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪ್ರತಿ ಸಲವೂ "ಅಬ್ಬಾ" ಅನ್ನುತ್ತಿದ್ದರು, ಚೆಂಡು ಹೊರಗೆ ಹೋದರೂ! ಆದರೆ ನಾನು ಇನ್ನೊಂದು ಗಮನಿಸಿದ್ದೆ. ಮೊದಲ ಸರ್ವ್ ತಪ್ಪಿ ಅವಳ ಮೆತ್ತಗಿನ ಎರಡನೇ ಸರ್ವ್ ಬಂತು ಅಂದರೆ ಎದುರಿನವರು ಎರಡು ಹೆಜ್ಜೆ ಗೆರೆಯ ಒಳಗೆ ಬಂದು ನಿಲ್ಲುತ್ತಿದ್ದರು. ಸಿಂಗಲ್ಸ್‌ನಲ್ಲಿ ಅದೇ ಪೆಟ್ಟು. ಡಬಲ್ಸ್‌ನಲ್ಲಿ ಮಾತ್ರ ನೆಟ್ ಹತ್ತಿರ ಜೊತೆಗಾರ್ತಿ ಲೀಜೆಲ್ ಹ್ಯೂಬರ್ ನಿಂತಿದ್ದಳು. ಹೊಡೆಯೋಕೆ ಹೋದವರು ಅವಳ ಕೈಗೇ ಕೊಡುತ್ತಿದ್ದರು. ಆ ಸಲ ಡಬಲ್ಸ್ ಗೆದ್ದಿದ್ದು ಈ ಜೋಡಿಯೇ.

ಗೋಡೆಗೆ ಚೆಂಡು
ಹಳಬರು ಸರಿಯಾದ ಜಾಗಕ್ಕೆ ಕೈ ಇಟ್ಟರು. ನಾನು ಮೈಸೂರಿನಲ್ಲಿ 30 ವರ್ಷದಿಂದ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ. ದಾವಣಗೆರೆ ಸರ್, ನಿಮ್ಮ ಮಗಳಿಗೆ ಇದನ್ನು ಲೆಕ್ಕದ ಹಾಗೆ ಹೇಳಿ.

ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ. ಅಷ್ಟನ್ನೂ ಒಬ್ಬಳೇ ಕಾಯಬೇಕು. ಡಬಲ್ಸ್ ಕೋರ್ಟ್ 36 ಅಡಿ, ಇಬ್ಬರು. ತಲೆಗೆ 18. ಸಿಂಗಲ್ಸ್‌ನಲ್ಲಿ ಗೇಮ್ ಬಿಟ್ಟು ಗೇಮ್ ಸರ್ವ್ ಮಾಡಬೇಕು, ಡಬಲ್ಸ್‌ನಲ್ಲಿ ನಾಲ್ಕು ಗೇಮಿಗೆ ಒಂದು ಸಲ. ಅಂದರೆ ಸರ್ವ್ ಅಷ್ಟಕ್ಕಷ್ಟೇ, ಓಟ ಸಾಧಾರಣ, ಆದರೆ ರಿಟರ್ನ್ ಮತ್ತು ಫೋರ್‌ಹ್ಯಾಂಡ್ ಬೆಂಕಿ ಅನ್ನುವ ಆಟಗಾರ್ತಿಗೆ ಡಬಲ್ಸ್ ಏನು ಮಾಡುತ್ತೆ? ಅವಳ ದೌರ್ಬಲ್ಯವನ್ನು ಅರ್ಧ ಮಾಡುತ್ತೆ, ಬಲವನ್ನು ಹಾಗೇ ಉಳಿಸುತ್ತೆ. ಇದನ್ನು ಸೋಲು ಅಂತೀರಾ? ನಾನಂತೂ ಬುದ್ಧಿ ಅಂತೀನಿ.

ಇನ್ನು ಮಣಿಕಟ್ಟಿನ ವಿಷಯ. ಸಾನಿಯಾಳ ಕೀಲುಗಳು ವಿಪರೀತ ಬಾಗುತ್ತವೆ. ಆ ಫೋರ್‌ಹ್ಯಾಂಡ್‌ನಲ್ಲಿ ಚೆಂಡಿಗೆ ಕೊನೆಯಲ್ಲಿ ಸಿಗುವ ಚಾಟಿ ಏಟು ಅಲ್ಲಿಂದಲೇ ಬರೋದು. ಕೊಟ್ಟಿದ್ದೂ ಅದೇ ಮಣಿಕಟ್ಟು, ಕಿತ್ತುಕೊಂಡಿದ್ದೂ ಅದೇ. 2008ರಲ್ಲಿ ಆಪರೇಷನ್ ಆಯಿತು. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಮಣಿಕಟ್ಟು ಹಿಡಿದುಕೊಂಡು ಪಂದ್ಯ ಬಿಟ್ಟಳು. ತಲೆ ಬಾಚಿಕೊಳ್ಳೋಕೂ ಆಗದ ದಿನಗಳಿದ್ದವು ಅಂತ ಆಮೇಲೆ ಅವಳೇ ಹೇಳಿಕೊಂಡಿದ್ದಾಳೆ. ಎರಡೂ ಮಂಡಿಗೂ ಆಪರೇಷನ್ ಆಗಿದೆ. ಅಂಥ ಮೈ ಇಟ್ಟುಕೊಂಡು ಕೆಲವು ವರ್ಷ ಸಿಂಗಲ್ಸ್ ಎಳೆದಾಡಿ, ಆಮೇಲೆ ಅದನ್ನು ಬಿಟ್ಟು ಪೂರ್ತಿ ಡಬಲ್ಸ್‌ಗೆ ಬಂದಳು. 2013ರಲ್ಲಿ ಅದನ್ನು ಬಾಯಿಬಿಟ್ಟು ಹೇಳಿದಳು.

ಮೂಗುತಿ
ನೀವೆಲ್ಲ ಮಣಿಕಟ್ಟು, ಸರ್ವ್ ಅಂತ ಮಾತಾಡುತ್ತಿದ್ದೀರಿ. ನನ್ನ ಹೆಸರು ನೋಡಿ. 2005ರಲ್ಲಿ ನಾನು ಕಲಬುರಗಿಯಲ್ಲಿ ಪಿಯುಸಿ. ಸಾನಿಯಾ ಮೂಗಿನಲ್ಲಿ ಸಣ್ಣ ರಿಂಗ್ ಹಾಕಿಕೊಂಡು ಟಿವಿಯಲ್ಲಿ ಬಂದಳು ನೋಡಿ, ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಮೂಗು ಚುಚ್ಚಿಸಿಕೊಂಡೆವು. ಅಮ್ಮ ಖುಷಿಪಟ್ಟಳು, "ಅಂತೂ ಲಕ್ಷಣ ಬಂತು" ಅಂತ. ಅದೇ ಅಮ್ಮ ನಾನು ಶಾರ್ಟ್ಸ್ ಹಾಕಿಕೊಂಡು ಷಟಲ್ ಆಡೋಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತಿದ್ದಳು.

ಆ ವರ್ಷವೇ ಸಾನಿಯಾಳ ಸ್ಕರ್ಟ್ ಬಗ್ಗೆ ದೇಶ ಪೂರ್ತಿ ಮಾತಾಡಿತು. ಫತ್ವಾ ಅಂದರು, ಪೊಲೀಸ್ ಕಾವಲು ಹಾಕಿದರು. ಆಮೇಲೆ ಹೈದರಾಬಾದಿನ ಮಸೀದಿ ಆವರಣದಲ್ಲಿ ಜಾಹೀರಾತು ಶೂಟಿಂಗ್ ಗಲಾಟೆ. ಅದಾದಮೇಲೆ ಪರ್ತ್‌ನ ಹಾಪ್ಮನ್ ಕಪ್ ಟೆನಿಸ್ ಟೂರ್ನಿಯಲ್ಲಿ ಕಾಲು ಚಾಚಿ ಕೂತಿದ್ದಾಗ ಪಕ್ಕದಲ್ಲಿ ಧ್ವಜ ಇತ್ತು ಅಂತ ಕೇಸು. 2008ರ ಬೆಂಗಳೂರು ಓಪನ್‌ಗೆ ಬರೋದೇ ಇಲ್ಲ ಅಂದುಬಿಟ್ಟಳು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು ಬರುತ್ತೆ, ಸದ್ಯ ಬೇಡ ಅಂತ. 21 ವರ್ಷದ ಹುಡುಗಿ. ನಂಬರ್ ಲೆಕ್ಕ ಹಾಕುವಾಗ ಇದನ್ನೂ ಒಂದು ಕಡೆ ಬರೆದುಕೊಳ್ಳಿ.

ಕಬ್ಬನ್ ಪಾರ್ಕ್ ಹಳಬ
ಆ 2008ರ ಟಿಕೆಟ್ ನನ್ನ ಹತ್ತಿರ ಇತ್ತು ತಾಯಿ. ಸಾನಿಯಾ ಬರುತ್ತಾಳೆ ಅಂತಲೇ ತಗೊಂಡಿದ್ದು. ಅವಳು ಬರಲಿಲ್ಲ, ಬದಲಿಗೆ ಸೆಮಿಫೈನಲ್‌ನಲ್ಲಿ ವೀನಸ್-ಸೆರೆನಾ ಎದುರಾಬದುರಾ ಆಡಿದರು. ಮೂರನೇ ಸೆಟ್ ಟೈಬ್ರೇಕ್, ಅಂದರೆ 6-6 ಆದಮೇಲೆ ಆಡಿಸುವ ನಿರ್ಣಾಯಕ ಗೇಮ್ ತನಕ ಹೋಯಿತು. ದುಡ್ಡಿಗೆ ಮೋಸ ಆಗಲಿಲ್ಲ ಬಿಡಿ. ಆದರೂ ಜನ ಆಚೆ ಹೋಗುವಾಗ "ನಮ್ಮ ಹುಡುಗಿ ಇರಬೇಕಿತ್ತು" ಅನ್ನೋ ಮಾತು ಕೇಳಿಸಿತು.

ಸ್ಲೈಸ್ ಸೀನ
ಆಯ್ತಪ್ಪ, ಮಣಿಕಟ್ಟಿನ ವಿಷಯ ಒಪ್ಪಿದೆ. ಆದರೆ ಹೊಗಳಿಕೆ ಒಂದೇ ಕಡೆ ಹರಿಯಬಾರದು. 2015ರಲ್ಲಿ ಖೇಲ್ ರತ್ನ ಕೊಟ್ಟಾಗ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಕರ್ನಾಟಕ ಹೈಕೋರ್ಟಿಗೆ ಹೋಗಿದ್ದು ನೆನಪಿದೆಯಾ? 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದವರು. ಅಂಕಗಳ ಲೆಕ್ಕದಲ್ಲಿ ನನಗೇ ಜಾಸ್ತಿ ಇದೆ ಅನ್ನೋದು ಅವರ ವಾದ. ಪ್ರಶಸ್ತಿ ಸಾನಿಯಾಗೇ ಹೋಯಿತು. ಸಾನಿಯಾ ತಪ್ಪು ಅಂತ ನಾನು ಹೇಳುತ್ತಿಲ್ಲ. ಟಿವಿಯಲ್ಲಿ ಕಾಣುವ ಬೆವರಿಗೆ ಬೆಲೆ ಜಾಸ್ತಿ ಅಂತ ಹೇಳುತ್ತಿದ್ದೇನೆ.

ಗೋಡೆಗೆ ಚೆಂಡು
ಗಿರೀಶ ಅವರ ಮಾತು ನ್ಯಾಯವಾದದ್ದೇ. ಅದು ಬೇರೆ ಜಗಳ ಸೀನ, ಬೇರೆ ಎಳೆ ತೆಗೆಯಿರಿ, ನಾನೂ ಬರುತ್ತೇನೆ.

ಕರಿಮೆಣಸಿನ ಬಳ್ಳಿ
ಕೊಡಗಿನಿಂದ ನನ್ನದೂ ಒಂದು ಪ್ರಶ್ನೆ. 2024ರಲ್ಲಿ ನಮ್ಮ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದಾಗ ಮಡಿಕೇರಿಯಿಂದ ಬೆಂಗಳೂರಿನ ತನಕ ಎಲ್ಲರೂ ಕುಣಿದರು. ನಾನೂ ಕುಣಿದೆ. ಆಗ ಯಾರಾದರೂ "ಸಿಂಗಲ್ಸ್ ರ್‍ಯಾಂಕ್ ಎಷ್ಟಿತ್ತು?" ಅಂತ ಕೇಳಿದರಾ? ಸಿಂಗಲ್ಸ್‌ನಲ್ಲಿ ರೋಹನ್ 200ರ ಒಳಗೆ ಬಂದವರೇ ಅಲ್ಲ. ಮಹೇಶ್ ಭೂಪತಿಯೂ ಅಷ್ಟೇ. ಅವರಿಬ್ಬರಿಗೂ ಡಬಲ್ಸ್ ಅಂದರೆ ಸಾಧನೆ. 27ರ ತನಕ ಹೋಗಿಬಂದ ಸಾನಿಯಾಗೆ ಮಾತ್ರ ಡಬಲ್ಸ್ ಅಂದರೆ ಸಮಾಧಾನದ ಬಹುಮಾನ. ಇದ್ಯಾವ ತಕ್ಕಡಿ?

2012ರಲ್ಲೂ ಹೀಗೇ ಆಯಿತು. ಜೂನ್‌ನಲ್ಲಿ ಸಾನಿಯಾ-ಮಹೇಶ್ ಜೋಡಿ ಫ್ರೆಂಚ್ ಓಪನ್ ಮಿಕ್ಸೆಡ್ (ಒಂದು ಗಂಡು, ಒಂದು ಹೆಣ್ಣು ಜೋಡಿಯಾಗಿ ಆಡುವ ಡಬಲ್ಸ್) ಗೆದ್ದಿತ್ತು. ಲಂಡನ್ ಒಲಿಂಪಿಕ್ಸ್‌ಗೆ ಅದೇ ಜೋಡಿ ಹೋಗಬೇಕು ಅಲ್ವಾ? ಆದರೆ ಗಂಡಸರ ಡಬಲ್ಸ್‌ನಲ್ಲಿ ಮಹೇಶ್, ರೋಹನ್ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಆಡೋದಿಲ್ಲ ಅಂದರು. ಟೆನಿಸ್ ಸಂಸ್ಥೆ ಪೇಸ್ ಅವರನ್ನು ಒಪ್ಪಿಸೋಕೆ ಮಿಕ್ಸೆಡ್‌ನಲ್ಲಿ ಸಾನಿಯಾಳನ್ನು ಅವರ ಜೊತೆ ಹಾಕಿತು. ನನ್ನನ್ನು ಗಾಳಕ್ಕೆ ಸಿಕ್ಕಿಸಿದ ಎರೆ ಮಾಡಿಕೊಂಡಿರಿ ಅನ್ನುವ ಅರ್ಥ ಬರುವ ಹಾಗೆ ಅವಳು ಪತ್ರ ಬರೆದಳು. ಮೂವರು ಗಂಡಸರ ಜಗಳ, ಮಧ್ಯೆ ಇವಳು. ರೋಹನ್ ನಮ್ಮವರು ಅಂತ ನಾನು ಇದನ್ನು ಮುಚ್ಚಿಡೋದಿಲ್ಲ.

ರಾತ್ರಿ ಪಾಳಿ
ಇಷ್ಟು ಮಾತಾಡಿದಿರಿ, 2015ರ ವಿಂಬಲ್ಡನ್ ಯಾರೂ ಎತ್ತಲಿಲ್ಲವಲ್ಲ!

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ. ಶನಿವಾರ, ಜುಲೈ 11. ಕ್ಯಾಂಟೀನಿನ ಟಿವಿಯಲ್ಲಿ ಹೆಂಗಸರ ಡಬಲ್ಸ್ ಫೈನಲ್ ಬರುತ್ತಿತ್ತು. ಸಾನಿಯಾ ಮತ್ತು ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಒಂದು ಕಡೆ, ರಷ್ಯಾದ ಮಕರೋವಾ-ವೆಸ್ನಿನಾ ಇನ್ನೊಂದು ಕಡೆ. ಮೊದಲ ಸೆಟ್ 5-7, ಹೋಯಿತು. ಎರಡನೇದು ಟೈಬ್ರೇಕ್‌ನಲ್ಲಿ ಬಂತು. ಮೂರನೇ ಸೆಟ್‌ನಲ್ಲಿ 2-5 ಹಿಂದೆ. ನಮ್ಮ ಟೀಂ ಲೀಡ್ ಎದ್ದು "ಮುಗೀತು, ನಡೀರಿ" ಅಂದರು. ನಾನು ಮತ್ತು ಕ್ಯಾಂಟೀನಿನ ಹುಡುಗ ಇಬ್ಬರೇ ಉಳಿದೆವು. 3-5. 4-5. 5-5. ಅಷ್ಟರಲ್ಲಿ ಲಂಡನ್‌ನಲ್ಲಿ ಕತ್ತಲಾಗಿಬಿಟ್ಟಿತ್ತು. ಆಟ ನಿಲ್ಲಿಸಿ ಸೆಂಟರ್ ಕೋರ್ಟಿನ ಚಾವಣಿ ಮುಚ್ಚಿದರು. ಆ ಹೊತ್ತಿನಲ್ಲಿ ಹುಡುಗ ಎರಡು ಟೀ ತಂದಿಟ್ಟ. ಕುಡಿಯುವಷ್ಟರಲ್ಲಿ ದೀಪ ಹಾಕಿದರು, ಮತ್ತೆ ಶುರು ಆಯಿತು, 7-5ಕ್ಕೆ ಮುಗಿದೇ ಹೋಯಿತು. ಇಲ್ಲಿ ಮಧ್ಯರಾತ್ರಿ ದಾಟಿತ್ತು. ಆ ಹುಡುಗನಿಗೆ ಟೆನಿಸ್ ಏನೂ ಗೊತ್ತಿಲ್ಲ. "ಸಾರ್, ಆ ಬಿಳಿ ಹುಡುಗಿ ಮುಂದೆ ಇರ್ತಾಳೆ, ನಮ್ಮೋಳು ಹಿಂದೆಯಿಂದ ಬಾರಿಸ್ತಾಳೆ, ಅಷ್ಟೇ ಅಲ್ವಾ" ಅಂದ. ಆ ಜೋಡಿ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅದೇ ವರ್ಷ ಯುಎಸ್ ಓಪನ್ ಗೆದ್ದರು. ಮುಂದಿನ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್. ಒಂದರ ಹಿಂದೆ ಒಂದು 41 ಪಂದ್ಯ ಸೋಲದೆ ಆಡಿದರು. ಸೀನಣ್ಣ, ಖಾಲಿ ಬಸ್ಸಿನಲ್ಲಾದರೂ 41 ಸ್ಟಾಪ್ ನಿಂತುಕೊಂಡೇ ಹೋಗಿ ನೋಡಿ.

ಸ್ಲೈಸ್ ಸೀನ
ಹಹ್ಹಾ, ಇದು ಸರಿಯಾಗಿ ಬಿತ್ತು. ಆದರೆ ಹಿಂಗಿಸ್ ಇದ್ದಿದ್ದಕ್ಕೇ ಗೆದ್ದಿದ್ದು ಅನ್ನೋರೂ ಇದ್ದಾರೆ.

ಕಬ್ಬನ್ ಪಾರ್ಕ್ ಹಳಬ
ಅದಕ್ಕೆ ಉತ್ತರ 2016ರ ಆಗಸ್ಟ್‌ನಲ್ಲೇ ಸಿಕ್ಕಿದೆ. ಜೋಡಿ ಮುರಿದ ತಿಂಗಳೇ ಸಿನ್ಸಿನಾಟಿ ಫೈನಲ್. ಸಾನಿಯಾ ಜೊತೆ ಬಾರ್ಬೊರಾ ಸ್ಟ್ರಿಕೋವಾ, ಎದುರಿಗೆ ಹಿಂಗಿಸ್ ಮತ್ತು ಕೊಕೊ ವ್ಯಾಂಡವೇ. ಗೆದ್ದಿದ್ದು ಸಾನಿಯಾ. ಅಲ್ಲಿಯ ತನಕ ಇಬ್ಬರೂ ಹಂಚಿಕೊಂಡಿದ್ದ ನಂಬರ್ ಒನ್ ಆಮೇಲೆ ಇವಳೊಬ್ಬಳದೇ ಆಯಿತು. ಒಟ್ಟು 91 ವಾರ ಆ ಜಾಗದಲ್ಲಿದ್ದಳು. ಹಿಂಗಿಸ್ ಬರುವ ಮೊದಲೇ ಕಾರಾ ಬ್ಲ್ಯಾಕ್ ಜೊತೆ 2014ರಲ್ಲಿ ಸಿಂಗಪುರದಲ್ಲಿ ವರ್ಷದ ಕೊನೆಯ ಟೂರ್ನಿ ಡಬ್ಲ್ಯುಟಿಎ ಫೈನಲ್ಸ್ ಗೆದ್ದಿದ್ದಳು. ಮಿಕ್ಸೆಡ್‌ನಲ್ಲಿ ಮೂರು ಗ್ರ್ಯಾಂಡ್‌ಸ್ಲಾಮ್ ಇದ್ದವು, ಎರಡು ಮಹೇಶ್ ಜೊತೆ, ಒಂದು ಬ್ರೂನೊ ಸೊವಾರೆಸ್ ಜೊತೆ. ಜೊತೆಗಾರರು ಬದಲಾಗುತ್ತಲೇ ಇದ್ದರು, ಕಪ್ ಬರುತ್ತಲೇ ಇತ್ತು.

ಮೂಗುತಿ
ಮಗು ಆದಮೇಲಿನದ್ದು ಬಿಟ್ಟಿರಲ್ಲ. 2018ರ ಅಕ್ಟೋಬರ್‌ನಲ್ಲಿ ಮಗ ಹುಟ್ಟಿದ. 26 ಕಿಲೋ ಇಳಿಸಿ 2020ರ ಜನವರಿಯಲ್ಲಿ ಹೊಬಾರ್ಟ್‌ಗೆ ಹೋದಳು. ವಾಪಸ್ ಬಂದ ಮೊದಲ ಟೂರ್ನಿಯಲ್ಲೇ ನಾಡಿಯಾ ಕಿಚೆನೊಕ್ ಜೊತೆ ಡಬಲ್ಸ್ ಗೆದ್ದಳು. ನನಗೆ ಆಗ ಎರಡನೇ ಮಗು ಎಂಟು ತಿಂಗಳು. ಮಾಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು! ಮೊಬೈಲಿನಲ್ಲಿ ಆ ಫೋಟೋ ನೋಡಿ ಅತ್ತೆಗೆ ತೋರಿಸಿದೆ. "ಅವಳಿಗೆ ಮಗು ನೋಡ್ಕೊಳ್ಳೋಕೆ ಜನ ಇರ್ತಾರಮ್ಮ" ಅಂದರು. ಇರಬಹುದು. ಆದರೆ 26 ಕಿಲೋ ಬೇರೆ ಯಾರೂ ಇಳಿಸಿಕೊಡೋದಿಲ್ಲ ಅಲ್ವಾ ಅತ್ತೆ.

ಮುಂದಿನ ವರ್ಷ ಟೋಕಿಯೊ ಒಲಿಂಪಿಕ್ಸ್. ಅಂಕಿತಾ ರೈನಾ ಜೊತೆ 6-0, 5-3 ಮುಂದಿದ್ದು ಸೋತುಬಿಟ್ಟಳು. ಎದುರಿಗಿದ್ದವರು ಯಾರು ಗೊತ್ತಾ? ಅದೇ ನಾಡಿಯಾ, ಜೊತೆಗೆ ಅವಳ ಅವಳಿ ಸೋದರಿ. ನಾನು ಟಿವಿ ಆಫ್ ಮಾಡಿ ಬಟ್ಟೆ ಒಗೆಯೋಕೆ ಹೋದೆ.

ಕರಿಮೆಣಸಿನ ಬಳ್ಳಿ
ಒಲಿಂಪಿಕ್ಸ್ ಪದಕ ಮಾತ್ರ ಕೈಗೆ ಸಿಗಲೇ ಇಲ್ಲ. 2016ರ ರಿಯೋದಲ್ಲಿ ರೋಹನ್-ಸಾನಿಯಾ ಸೆಮಿಫೈನಲ್ ತನಕ ಹೋಗಿ ವೀನಸ್-ರಾಜೀವ್ ರಾಮ್ ಎದುರು ಮೊದಲ ಸೆಟ್ 6-2ರಲ್ಲಿ ಗೆದ್ದು ಆಮೇಲೆ ಮೂರನೇ ಸೆಟ್ ಬದಲಿಗೆ ಆಡಿಸುವ ಸೂಪರ್ ಟೈಬ್ರೇಕ್‌ನಲ್ಲಿ ಸೋತರು. ಕಂಚಿನ ಪಂದ್ಯವೂ ಹೋಯಿತು. ನಾಲ್ಕನೇ ಸ್ಥಾನ.

ಕೊನೆಯ ಗ್ರ್ಯಾಂಡ್‌ಸ್ಲಾಮ್ ಕೂಡ ಅದೇ ಜೋಡಿಯೇ, 2023ರ ಮೆಲ್ಬರ್ನ್. ಮಿಕ್ಸೆಡ್ ಫೈನಲ್ ಸೋತು ಮೈಕ್ ಹಿಡಿದಳು. ಮೊದಲು ರೋಹನ್‌ರನ್ನು ನೆನೆದಳು. 14ನೇ ವಯಸ್ಸಿನಲ್ಲಿ ನನ್ನ ಮೊದಲ ಮಿಕ್ಸೆಡ್ ಜೊತೆಗಾರ ಇವನೇ, 22 ವರ್ಷ ಆಯಿತು ಅಂದಳು. ಅಲ್ಲಿಗೆ ಗಂಟಲು ಕಟ್ಟಿತು. ಪಕ್ಕದಲ್ಲಿ ನಿಂತಿದ್ದ ರೋಹನ್ ಕೂಡ ಕಣ್ಣು ಒರೆಸಿಕೊಂಡರು. ನಮ್ಮ ಮನೆಯಲ್ಲಿ ಅಜ್ಜಿ ಕೇಳಿದರು, "ಸೋತದ್ದಕ್ಕೆ ಅಳುವುದಾ?" "ಅಲ್ಲ ಅಜ್ಜಿ, ಮುಗಿದದ್ದಕ್ಕೆ" ಅಂದೆ.

ರಾತ್ರಿ ಪಾಳಿ
ಅದು ಮುಗಿದ ಮುಂದಿನ ತಿಂಗಳು ದುಬೈನಲ್ಲಿ ಮ್ಯಾಡಿಸನ್ ಕೀಸ್ ಜೊತೆ ಕೊನೆಯ ಪಂದ್ಯ ಆಡಿದಳು, ಮೊದಲ ಸುತ್ತಿನಲ್ಲೇ ಸೋಲು. ಆಮೇಲೆ ನೋಡಿದರೆ ಆರ್‌ಸಿಬಿ ಹೆಣ್ಣುಮಕ್ಕಳ ಟೀಂಗೆ ಮೆಂಟರ್! ಆ ಮೊದಲ ವರ್ಷ ನಮ್ಮವರು ಒಂದರ ಹಿಂದೆ ಒಂದು ಸೋತಾಗ ಡಗ್‌ಔಟ್‌ನಲ್ಲಿ ಅವಳ ಮುಖ ನೋಡಬೇಕಿತ್ತು. ಆರ್‌ಸಿಬಿ ಅಭಿಮಾನಿ ಆಗೋದು ಅಂದರೆ ಏನು ಅಂತ ಒಂದೇ ವಾರದಲ್ಲಿ ಕಲಿತಳು ಪಾಪ.

ಸ್ಲೈಸ್ ಸೀನ
ಗೋಡೆ ಸರ್, ಒಂದು ಅನುಮಾನ. ಅವಳು ಸಗಣಿ ಕೋರ್ಟಿನಲ್ಲಿ ಕಲಿತಿದ್ದು ಅಂತಾರಲ್ಲ, ನಿಜವಾ ಸುಮ್ನೆನಾ?

ಗೋಡೆಗೆ ಚೆಂಡು
ನಿಜ. ಆರನೇ ವಯಸ್ಸಿಗೆ ಶುರು ಮಾಡಿದಾಗ ಹೈದರಾಬಾದಿನಲ್ಲಿ ಸಿಗುತ್ತಿದ್ದುದು ಅಂಥ ಕೋರ್ಟೇ ಅಂತ ಅವಳೇ ಎಷ್ಟೋ ಕಡೆ ಹೇಳಿದ್ದಾಳೆ. ನಾನೂ ಚಿಕ್ಕವನಿದ್ದಾಗ ಅಂಥದ್ದರಲ್ಲೇ ಆಡಿದ್ದು. ಸಂಜೆ ಆಟ ಮುಗಿದಮೇಲೆ ಸಗಣಿಯನ್ನು ನೀರಿನಲ್ಲಿ ಕದಡಿ, ಹುಲ್ಲು ಕಡ್ಡಿ ಸೋಸಿ, ತೆಳ್ಳಗೆ ಚೆಲ್ಲಿ ಕಡ್ಡಿಪೊರಕೆಯಲ್ಲಿ ಎಳೆಯುತ್ತಿದ್ದೆವು. ಅಂಗಳ ಸಾರಿಸಿದ ಹಾಗೇ, ಆದರೆ ನಡುಬಗ್ಗಿಸಿ 78 ಅಡಿ ಉದ್ದ! ರಾತ್ರಿ ಒಣಗುತ್ತಿತ್ತು. ಬೆಳಿಗ್ಗೆ ಸುಣ್ಣದಲ್ಲಿ ಗೆರೆ. ಎರಡು ಗೇಮ್ ಆಡುವಷ್ಟರಲ್ಲಿ ಚೆಂಡು ಹಸಿರು-ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಬಿಳಿ ಶರ್ಟಿನ ಮೇಲೆ ಚೆಂಡು ಬಿದ್ದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ.

ದಾವಣಗೆರೆ ಅಪ್ಪ
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಮೂಗುತಿ ಮೇಡಂ ಅವರದ್ದನ್ನು ಎರಡು ಸಲ ಓದಿಸಿದಳು. ರಾತ್ರಿ ಊಟ ಆದಮೇಲೆ ಆ ವಿಂಬಲ್ಡನ್ ಮೂರನೇ ಸೆಟ್ ಹುಡುಕಿ ಇಬ್ಬರೂ ನೋಡಿದೆವು. 2-5 ಆದಾಗ ನಾನು, "ನೋಡು, ಈಗ ಹೇಗೆ ಬರ್ತಾರೆ" ಅಂದೆ. "ಸುಮ್ನಿರಪ್ಪಾ" ಅಂದಳು. ಅವಳು ಸ್ಕೋರ್ ನೋಡುತ್ತಿರಲಿಲ್ಲ. ಹಿಂಗಿಸ್ ನೆಟ್ ಹತ್ತಿರ ಯಾವಾಗ ಪಕ್ಕಕ್ಕೆ ಜಾರುತ್ತಾಳೆ ಅಂತ ನೋಡುತ್ತಿದ್ದಳು. ಆಮೇಲೆ ಹಾಲ್‌ನಲ್ಲಿ ಸೋಫಾವನ್ನೇ ನೆಟ್ ಮಾಡಿಕೊಂಡು ಎರಡು ಹೆಜ್ಜೆ ಹಾಕಿ ನೋಡಿದಳು.

ಕೋಚ್ ಹತ್ತಿರ ನಾನೇ ಮಾತಾಡಿದೆ. ಸಿಂಗಲ್ಸ್ ಬಿಡೋದಿಲ್ಲ, ಶನಿವಾರ ಮತ್ತು ಭಾನುವಾರ ಡಬಲ್ಸ್. ಹರಿಹರದ ಒಬ್ಬ ಹುಡುಗಿ ಜೊತೆಗಾರ್ತಿಯಾಗಿ ಸಿಕ್ಕಿದ್ದಾಳೆ, ಎಡಗೈ ಆಟ. ಗೋಡೆ ಸರ್, ಒಂದು ಕೇಳಬೇಕಿತ್ತು. ಮಣಿಕಟ್ಟಿನ ವಿಷಯ ಓದಿದಮೇಲೆ ಹೆದರಿಕೆ ಆಗಿದೆ. ಇವಳೂ ಆಟ ಮುಗಿದಮೇಲೆ ಒಮ್ಮೊಮ್ಮೆ ಕೈ ಒದರುತ್ತಾಳೆ.

ಗೋಡೆಗೆ ಚೆಂಡು
ಒದರುತ್ತಾಳೆ ಅಂದರೆ ಮೊದಲು ಡಾಕ್ಟರಿಗೆ ತೋರಿಸಿ, ಇದು ಇಲ್ಲಿ ಕೇಳಿ ಬಿಡುವ ವಿಷಯ ಅಲ್ಲ. ಆಮೇಲೆ ರಾಕೆಟ್ ನೋಡಿ. ಯಾವ ಸ್ಟ್ರಿಂಗ್ ಹಾಕಿಸಿದ್ದೀರಿ? ಪಾಲಿಯೆಸ್ಟರ್ ಆದರೆ ಈ ವಯಸ್ಸಿಗೆ ಬೇಡ, ಏಟೆಲ್ಲ ಕೈಗೇ ಹೊಡೆಯುತ್ತೆ. ಸಿಂಥೆಟಿಕ್ ಗಟ್ ಹಾಕಿಸಿ, ಬಿಗಿ 50 ಪೌಂಡ್ ದಾಟಬಾರದು. ಹಿಡಿಯ ದಪ್ಪವೂ ನೋಡಿ.

ದಾವಣಗೆರೆ ಅಪ್ಪ
ಈಗ ಹೋಗಿ ನೋಡಿದೆ ಸರ್. ಪಾಲಿಯೆಸ್ಟರೇ. ಅದೂ 55. ದೊಡ್ಡ ಆಟಗಾರರು ಹಾಕಿಸೋದು ಇದನ್ನೇ ಅಂತ ಅಂಗಡಿಯವರು ಹೇಳಿದ್ದಕ್ಕೆ ಜಾಸ್ತಿ ದುಡ್ಡು ಕೊಟ್ಟು ನಾನೇ ಹಾಕಿಸಿದ್ದು. ನಾಳೆ ಬಿಚ್ಚಿಸುತ್ತೇನೆ.